ಗೆರೆಯ ಮೇಲೊಂದು ಮಾತು

ಕಲಬುರಗಿ ಜಿಲ್ಲೆಯ ಶಹಾಬಾದದ ಮಗುವಿಗೆ ಫರಸಿ ಕಲ್ಲು ಹೊಸದಲ್ಲ. ಮನೆಯ ನೆಲದಲ್ಲಿ, ಕಟ್ಟೆಯಲ್ಲಿ, ಊರಾಚೆಯ ಖಣಿಯಲ್ಲಿ ಅದನ್ನು ಕಂಡೇ ಬೆಳೆದಿರುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯೂ ಗೊತ್ತು. ಆದರೂ ಪಾಠದಲ್ಲಿ 'ಸುಣ್ಣಕಲ್ಲು' ಎಂದು ತಪ್ಪಿಲ್ಲದೆ ಓದಿದ ಮಗುವಿಗೆ, ಅದು ತನ್ನ ಕಾಲಡಿಯ ಫರಸಿಯೇ ಎಂದು ಹೊಳೆಯದೆ ಹೋಗಬಹುದು. ಅಕ್ಷರ ದಕ್ಕಿತು, ಅರ್ಥ ದಕ್ಕಲಿಲ್ಲ.

ಈ ಕಂದಕಕ್ಕೆ ಸೇತುವೆ ಪರಿಕಲ್ಪನಾ ನಕ್ಷೆ, ಅಂದರೆ ಪಾಠದ ಪದಗಳನ್ನು ಗೆರೆಗಳಿಂದ ಜೋಡಿಸಿ ಅವುಗಳ ಸಂಬಂಧ ತೋರಿಸುವ ಚಿತ್ರ. ಮಕ್ಕಳ ವಿಜ್ಞಾನದ ತಿಳಿವಳಿಕೆ ಬೆಳೆಯುವ ಬಗೆಯನ್ನು ಗುರುತಿಸಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರಲ್ಲಿ ಇದನ್ನು ರೂಪಿಸಿದರು. ಹೊಸ ವಿಚಾರ ಹಳೆಯ ತಿಳಿವಳಿಕೆಗೆ ಹೆಣೆದುಕೊಂಡರೆ ಮಾತ್ರ ಉಳಿಯುತ್ತದೆ ಎಂಬ ಡೇವಿಡ್ ಆಸುಬೆಲ್ ಅವರ ಚಿಂತನೆ ಇದರ ಬುನಾದಿ.

ನಮ್ಮಲ್ಲಿಯೂ 2010ರ ದಶಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯ ನೆರವಿನಿಂದ ಶಿಕ್ಷಕರು 'ಫ್ರೀಮೈಂಡ್' ತಂತ್ರಾಂಶದಲ್ಲಿ ಪಾಠಗಳ ನಕ್ಷೆ ಬಿಡಿಸಲು ಕಲಿತರು. ಫ್ರೀಮೈಂಡ್ ಮರದ ಕೊಂಬೆಗಳಂತೆ ವಿಷಯವನ್ನು ಹರಡುತ್ತದೆ. ಉಚಿತವಾಗಿ ಸಿಗುವ 'ಸಿಮ್ಯಾಪ್ ಟೂಲ್ಸ್' ಇನ್ನೊಂದು ಹೆಜ್ಜೆ ಮುಂದಿಡುತ್ತದೆ: ಎರಡು ಪದಗಳ ನಡುವೆ ಗೆರೆ ಎಳೆದರೆ, ಆ ಗೆರೆಯ ಮೇಲೂ ಒಂದು ಮಾತು ಬರೆಯಬೇಕು.

ಓದಿನ ಪರೀಕ್ಷೆ ಇರುವುದು ಅಲ್ಲಿಯೇ. 'ಸುಣ್ಣಕಲ್ಲು', 'ಸಿಮೆಂಟ್' ಎಂಬ ಪದಗಳನ್ನು ಪುಸ್ತಕದಿಂದ ಎತ್ತಿಕೊಳ್ಳಬಹುದು, ನಡುವಿನ ಸಂಬಂಧವನ್ನು ಮಾತ್ರ ಅರ್ಥಮಾಡಿಕೊಂಡೇ ಬರೆಯಬೇಕು. ಕನ್ನಡದಲ್ಲಿ ಆ ಸಂಬಂಧ ವಿಭಕ್ತಿ ಪ್ರತ್ಯಯದಲ್ಲಿದೆ, ಕ್ರಿಯಾಪದವೋ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಗೆರೆಯ ಮೇಲೆ 'ಇಂದ ತಯಾರಾಗುತ್ತದೆ' ಎಂದು ಬರೆದ ಮಗು 'ಸುಣ್ಣಕಲ್ಲಿನಿಂದ ಸಿಮೆಂಟ್ ತಯಾರಾಗುತ್ತದೆ' ಎಂದು ಪೂರ್ತಿ ವಾಕ್ಯವನ್ನು ಬಾಯಿಬಿಟ್ಟು ಹೇಳಬೇಕು. ವ್ಯಾಕರಣವೂ ಅರ್ಥವೂ ಒಟ್ಟಿಗೆ ಕೂಡಿಬರುತ್ತವೆ.

ಸೇಡಂ ಗಡಿಯ ತೆಲುಗು, ಚಿಂಚೋಳಿ ತಾಂಡಾಗಳ ಲಂಬಾಣಿ, ಶಹಾಬಾದದ ಉರ್ದು ಮನೆಮಾತಿನ ಮಕ್ಕಳೂ ತಮ್ಮ ಪದವನ್ನು ಕನ್ನಡ ಪದದ ಪಕ್ಕದಲ್ಲೇ ಕೂರಿಸಬಹುದು. ಪಾಠದ ಮೊದಲೊಂದು, ಆಮೇಲೊಂದು ನಕ್ಷೆ ಉಳಿಸಿಟ್ಟರೆ ಕಲಿಕೆ ಕಣ್ಣಿಗೇ ಕಾಣುತ್ತದೆ.

2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಜಿಲ್ಲೆ. ಕಂಠಪಾಠದಿಂದ ಈ ನೋವು ನೀಗದು. ಗುರುಗಳೇ, ಸಿದ್ಧ ನಕ್ಷೆ ಕೊಟ್ಟು ನಕಲು ಮಾಡಿಸಬೇಡಿ. ಅದೂ ಇನ್ನೊಂದು ಬಾಯಿಪಾಠವಾದೀತು. ಕಂಪ್ಯೂಟರ್ ಇಲ್ಲದಿದ್ದರೆ ಕರಿಹಲಗೆಯೇ ಸಾಕು. ಗೆರೆಯ ಮೇಲಿನ ಮಾತನ್ನು ಮಾತ್ರ ಮಗುವೇ ಬರೆಯಲಿ.