ಘಟ್ಟದ ರೈಲಿಗೆ ತಂತಿಯೋ, ಡೀಸೆಲ್ಲೋ?

ತೋಟಕ್ಕೆ ಡೀಸೆಲ್ ಪಂಪು ಇಡಬೇಕೋ, ಕರೆಂಟಿನ ಮೋಟಾರು ಕೂರಿಸಬೇಕೋ ಎಂಬ ಚರ್ಚೆ ಬೆಳೆಗಾರ ಬಾಂಧವರಿಗೆ ಹೊಸದಲ್ಲ. ನಮ್ಮ ಘಟ್ಟದ ರೈಲಿನ ವಿಷಯದಲ್ಲಿಯೂ ಇರುವುದು ಅದೇ ಪ್ರಶ್ನೆ.

ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಆರಂಭವಾಯಿತು. ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ಮುಚ್ಚಿದ ಘಟ್ಟದಲ್ಲಿ ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಕೊನೆಯಲ್ಲಿ. ಹತ್ತು ವರ್ಷ ಕಾದ ನಮಗೆ ಈ ಮಾರ್ಗದ ಬೆಲೆ ಚೆನ್ನಾಗಿ ಗೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್. ಅದರಲ್ಲಿ 57 ಸುರಂಗಗಳು. 50 ಮೀಟರ್ ಸಾಗಿದರೆ 1 ಮೀಟರ್ ಏರುವಷ್ಟು ಕಡಿದಾದ ದಾರಿ. 2025ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿ ವಿದ್ಯುದೀಕರಣ ಮುಗಿದು, ವಿದ್ಯುತ್ ಎಂಜಿನ್ನಿನ ಪರೀಕ್ಷಾ ಓಟ ನಡೆಯಿತು.

ಡೀಸೆಲ್ ಎಂಜಿನ್ನಿನಲ್ಲಿಯೂ ಗಾಲಿ ತಿರುಗಿಸುವುದು ವಿದ್ಯುತ್ ಮೋಟಾರೇ ಎಂಬುದು ಹಲವರಿಗೆ ತಿಳಿದಿರಲಾರದು. ಅದು ತನ್ನ ವಿದ್ಯುದಾಗಾರವನ್ನೂ ಎಣ್ಣೆಯ ತೊಟ್ಟಿಯನ್ನೂ ಬೆನ್ನ ಮೇಲೆ ಹೊತ್ತುಕೊಂಡೇ ಘಟ್ಟ ಹತ್ತಬೇಕು. ತಂತಿಯ ಎಂಜಿನ್ನಿಗೆ ಆ ಹೊರೆಯಿಲ್ಲ. ಸರಕು ಎಳೆಯುವ ಈಗಿನ ಡೀಸೆಲ್ ಎಂಜಿನ್ನಿನ ಶಕ್ತಿ ಸುಮಾರು 4,000 ಅಶ್ವಶಕ್ತಿಯಾದರೆ, ವಿದ್ಯುತ್ ಎಂಜಿನ್ನಿನದು ಸುಮಾರು 6,000. ಇಳಿಯುವಾಗ ಬ್ರೇಕಿನಲ್ಲಿ ಹುಟ್ಟುವ ಶಕ್ತಿಯನ್ನು ಡೀಸೆಲ್ ಎಂಜಿನ್ ಶಾಖವಾಗಿ ಗಾಳಿಗೆ ಬಿಡುತ್ತದೆ; ಹೊಸ ವಿದ್ಯುತ್ ಎಂಜಿನ್ ಅದನ್ನು ತಂತಿಗೆ ಹಿಂದಿರುಗಿಸಬಲ್ಲದು. ಸುರಂಗದಲ್ಲಿ ಹೊಗೆಯೂ ಇಲ್ಲ.

ತಂತಿಯ ಕರೆಂಟು ಕೂಡ ಹೆಚ್ಚಾಗಿ ಕಲ್ಲಿದ್ದಲಿನಿಂದಲೇ ಬರುವುದಲ್ಲವೇ ಎಂದು ಕೇಳಬಹುದು. ದೇಶದ ಮಟ್ಟಿಗೆ ಇದು ನಿಜ. ಆದರೆ ನಾಳೆ ನೀರು, ಗಾಳಿ, ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಅದೇ ತಂತಿ, ಅದೇ ಎಂಜಿನ್ ಸಾಕು. ಡೀಸೆಲ್ಲಿಗಾದರೋ ಹೊರದೇಶದ ಎಣ್ಣೆಯನ್ನೇ ಬಹುಪಾಲು ನಂಬಬೇಕು.

ಮಳೆಗಾಲದ ಮಾತು ಬೇರೆ. ರೈಲಿಗೆ ವಿದ್ಯುತ್ ಬರುವುದು ನಮ್ಮ ಊರಿನ ಲೈನಿನಿಂದಲ್ಲ, ಹೆಚ್ಚಿನ ಒತ್ತಡದ ಮಾರ್ಗದಿಂದ. ಆದ್ದರಿಂದ ಮನೆಯ ದೀಪ ಹೋದಾಗಲೆಲ್ಲ ರೈಲು ನಿಲ್ಲುವುದಿಲ್ಲ. ಆದರೆ ಮರ ಬಿದ್ದು ತಂತಿ ಹರಿದರೆ ನಿಲ್ಲಲೇಬೇಕು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಹಲವು ದಿನ ಸಂಚಾರವೇ ನಿಂತಿತು. ಅಂಥ ಕಡೆಗೆ ಕಲ್ಲು, ಮರಳು, ಆಳುಗಳನ್ನು ಒಯ್ಯಲು ತಂತಿಯ ಹಂಗಿಲ್ಲದ ಎಂಜಿನ್ನೇ ಬೇಕು. ಮೋಟಾರು ಬಂತೆಂದು ಹಳೆಯ ಪಂಪನ್ನು ಗುಜರಿಗೆ ಹಾಕದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿ ಬಂದದ್ದು ಒಳ್ಳೆಯದೇ. ಘಟ್ಟದ ಎರಡೂ ತುದಿಯಲ್ಲಿ ಡೀಸೆಲ್ ಎಂಜಿನ್ ಸಿದ್ಧವಾಗಿರಲಿ ಎಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ, ಹಳಿಯ ಪಕ್ಕದಲ್ಲಿ ತೋಟವಿರುವ ಸದಸ್ಯರಿಗೆ ಒಂದು ಮಾತು. ಆ ತಂತಿಯಲ್ಲಿರುವುದು 25,000 ವೋಲ್ಟ್. ಎರಡು ಮೀಟರ್‌ಗಿಂತ ಹತ್ತಿರ ಯಾವ ವಸ್ತುವೂ ಹೋಗಕೂಡದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಯಲ್ಲಿಯೂ, ಒದ್ದೆ ಬಿದಿರಿನಲ್ಲಿಯೂ ಹಾಗೆಯೇ. ಹಳಿ ದಾಟುವಾಗ ದೋಟಿಯನ್ನು ಮಡಿಸಿ, ನೆಲಕ್ಕೆ ಸಮನಾಗಿ ಹಿಡಿದು ಸಾಗಬೇಕು. ತಂತಿಯತ್ತ ವಾಲಿದ ಮರವನ್ನು ತಾವೇ ಕಡಿಯಲು ಹೋಗದೆ ಹತ್ತಿರದ ನಿಲ್ದಾಣಕ್ಕೆ ತಿಳಿಸಬೇಕು. ಈ ಮಾತನ್ನು ಇಂದೇ ತಮ್ಮ ಕೊನೆಗೌಡರಿಗೂ ಆಳುಗಳಿಗೂ ಹೇಳಬೇಕಾಗಿ ವಿನಂತಿ.