ನಾಯಿಯ ರೊಟ್ಟಿಗೂ ಲೆಕ್ಕವಿರಲಿ

ರೈತನ ಮನೆಯ ತಿಂಗಳ ಖರ್ಚು ಕಿರಾಣಿ ಅಂಗಡಿಯ ಚೀಟಿಯಲ್ಲಷ್ಟೇ ಇರುವುದಿಲ್ಲ. ಮನೆಯ ಜೋಳದ ಚೀಲದಲ್ಲಿಯೂ ಇರುತ್ತದೆ. ನಂದೇಶ್ವರ, ಅಕ್ಕಲಕೋಟೆ ಸೀಮೆಯಲ್ಲಿ ಹಿಂಗಾರಿ ಜೋಳದ ರಾಶಿ ವರ್ಷಕ್ಕೊಮ್ಮೆ. ಹೊಲ ಕಾಯುವ ನಾಯಿಯ ಊಟವೂ ಅದರಲ್ಲಿಯೇ.

ಕಿಲೋ ಹಿಟ್ಟಿಗೆ 12 ರೊಟ್ಟಿ ಎಂದು ಹಿಡಿಯಿರಿ. ದಿನಕ್ಕೆ 3 ರೊಟ್ಟಿ ತಿನ್ನುವ ನಾಯಿಗೆ ತಿಂಗಳಿಗೆ ಏಳೂವರೆ ಕಿಲೋ, ವರ್ಷಕ್ಕೆ ಸುಮಾರು 90 ಕಿಲೋ ಜೋಳ ಬೇಕು. ರಾಶಿಯ ದಿನವೇ ಇಷ್ಟನ್ನು ತೆಗೆದಿಟ್ಟು ಉಳಿದುದನ್ನು ಮಾರಿದರೆ, ಮುಂದೆ ಕಾಳು ಕೊಳ್ಳುವ ಪ್ರಸಂಗ ಬಾರದು. ಆದ್ಯತಾ ರೇಶನ್ ಕಾರ್ಡು ಇದ್ದವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ 2023ರ ಜನವರಿಯಿಂದ ಉಚಿತ. ಅದನ್ನೂ ಲೆಕ್ಕಕ್ಕೆ ಹಿಡಿದು ಎಣ್ಣೆ, ಬೇಳೆ, ಸಕ್ಕರೆ, ಚಹಾಪುಡಿಯ ಪಟ್ಟಿ ಮಾಡಿರಿ.

ಆದರೆ ಉಳಿತಾಯವೆಂದು ಮಿಕ್ಕ ಸಾರು, ಪಲ್ಯವನ್ನು ನಾಯಿಗೆ ಸುರಿಯಬೇಡಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಅದರ ಮೂತ್ರಪಿಂಡವನ್ನೇ ಕೆಡಿಸಬಹುದು. ದ್ರಾಕ್ಷಿ ತೋಟದವರು ಇದನ್ನು ನೆನಪಿಡಬೇಕು. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಬರೀ ರೊಟ್ಟಿಯಿಂದಲೂ ಪೋಷಣೆ ಸಾಲದು. ಆಗಾಗ ಬೇಯಿಸಿದ ತತ್ತಿ ಅಥವಾ ಎಲುಬಿಲ್ಲದ ಮಾಂಸ ಕೊಡಿರಿ.

ಹುಚ್ಚುನಾಯಿ ರೋಗದ ಲಸಿಕೆಯ ಖರ್ಚನ್ನು ಪ್ರತಿವರ್ಷ ಪಟ್ಟಿಯಲ್ಲಿ ಬರೆಯಿರಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ತೀರ ವಿರಳ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿರಿ. ಬೇರೆ ಖರ್ಚನ್ನು ಮುಂದೂಡಿದರೂ ನಡೆದೀತು, ಇದನ್ನಲ್ಲ.