ದಾರದ ಒಡವೆ
(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಒಡವೆಯೆಂದರೆ ಚಿನ್ನ, ಇಲ್ಲವೆ ಬೆಳ್ಳಿ ಎಂದು ನಾವು ತಿಳಿದಿದ್ದೇವೆ. ಕಲ್ಲಿನಲ್ಲಿಯೂ ಒಡವೆಯಾಗುವುದೆಂಬುದನ್ನು ಬೇಲೂರಿನ ಮದನಿಕೆಯರನ್ನು ಕಂಡವರು ಬಲ್ಲರು. ದಾರದಿಂದ ಒಡವೆಯಾಗುತ್ತದೆಂದರೆ ಮಾತ್ರ ಹಲವರು ನಗುತ್ತಾರೆ. ನಮ್ಮ ತಾಯಿ ಹೆಣೆದ ಓಲೆಯನ್ನು ತೊಟ್ಟು ನಾನು ಮೊದಲ ದಿನ ತರಗತಿಗೆ ಬಂದಾಗ ಗೆಳತಿಯರೂ ನಕ್ಕರು. ವಾರ ಕಳೆಯುವುದರೊಳಗೆ ಅವರಲ್ಲಿ ನಾಲ್ವರು “ನಮಗೂ ಹೇಳಿಕೊಡೇ” ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನುರಿತವರು ತಪ್ಪಿದ್ದರೆ ತಿದ್ದಬೇಕು.

ಈ ಕೆಲಸಕ್ಕೆ ಕ್ರೋಷಾ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಈ ಮಾತಿಗೆ ಸಣ್ಣ ಕೊಕ್ಕೆ ಎಂದರ್ಥ. ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಇದಕ್ಕೆ ತುದಿ ಕೊಕ್ಕೆಯಾದ ಒಂದೇ ಕಡ್ಡಿ ಸಾಕು. ನಮ್ಮ ಮನೆಗಳಲ್ಲಿ ಬಾಗಿಲ ತೋರಣ, ಮೇಜಿನ ಹಾಸು ಇವನ್ನು ಹಾಕುವುದು ಹೀಗೆಯೇ. ಅದನ್ನೇ ತೆಳುದಾರದಲ್ಲಿ ಚಿಕ್ಕದಾಗಿ ಹಾಕಿದರೆ ಓಲೆಯಾಗುತ್ತದೆ, ಸರವಾಗುತ್ತದೆ.

ಒಂದು ಜೊತೆ ಓಲೆಗೆ ಬೇಕಾದದ್ದು ಇಷ್ಟು: ಸಣ್ಣ ಉಕ್ಕಿನ ಕ್ರೋಷಾ ಕಡ್ಡಿ, ಹೊಳಪಿನ ಹತ್ತಿದಾರ, 16 ಮಣಿ, ಓಲೆಯ ತಂತಿಕೊಕ್ಕೆ ಎರಡು, ಗುಂಡುಸೂಜಿ ಮತ್ತು ಸಬ್ಬಕ್ಕಿ ಗಂಜಿ. ದಾರದ ತುದಿಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುವುದೇ ಎಂದು ಮೊದಲು ನೋಡಬೇಕು.

ಹೆಣಿಗೆ ಆರಂಭಿಸುವ ಮುನ್ನವೇ ಒಂದು ಓಲೆಗೆ 8ರಂತೆ ಮಣಿಗಳನ್ನು ದಾರಕ್ಕೆ ಪೋಣಿಸಿಡಬೇಕು, ಆಮೇಲೆ ಪೋಣಿಸಲಾಗದು. ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋದರೆ ಸರಪಳಿ. ಹೆಣಿಗೆಗೆ ಕಡ್ಡಿ ಚುಚ್ಚಿ ದಾರವನ್ನು ಎಳೆದು, ಎರಡು ಕುಣಿಕೆಗಳೊಳಗಿಂದ ಮತ್ತೊಮ್ಮೆ ಎಳೆದರೆ ಗಿಡ್ಡ ಹೊಲಿಗೆ. ಚುಚ್ಚುವ ಮೊದಲು ಕಡ್ಡಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡು, ಎರಡೆರಡು ಕುಣಿಕೆಗಳನ್ನು ಎರಡು ಸಲ ಬಿಡಿಸಿದರೆ ಕಂಬ. ಈ ಮೂರು ಬಂದರೆ ಸಾಕು.

6 ಸರಪಳಿ ಹಾಕಿ, ಕೊನೆಯನ್ನು ಮೊದಲಿಗೆ ಸೇರಿಸಿ ಬಳೆ ಮಾಡಿ. ಮೇಲಕ್ಕೆ 3 ಸರಪಳಿ ಹಾಕಿ. ಅದೇ ಮೊದಲ ಕಂಬ. ಬಳೆಯೊಳಗೆ ಇನ್ನೂ 15 ಕಂಬ ಹಾಕಿ ಸುತ್ತನ್ನು ಮುಚ್ಚಿ. ಎರಡನೆಯ ಸುತ್ತಿನಲ್ಲಿ ಒಂದು ಕಂಬದ ತಲೆಗೆ ಗಿಡ್ಡ ಹೊಲಿಗೆ, ಬಳಿಕ 3 ಸರಪಳಿ. ನಡುವಿನ ಸರಪಳಿ ಹಾಕುವಾಗ ಒಂದು ಮಣಿಯನ್ನು ಕಡ್ಡಿಯ ಹತ್ತಿರಕ್ಕೆ ಸರಿಸಿಕೊಳ್ಳಿ. ಒಂದು ಕಂಬ ಬಿಟ್ಟು ಮುಂದಿನದಕ್ಕೆ ಮತ್ತೆ ಗಿಡ್ಡ ಹೊಲಿಗೆ. ಹೀಗೆ 8 ಕಮಾನು, 8 ಮಣಿ. ಮಣಿಗಳು ಹಿಂಬದಿಗೆ ಕೂರುತ್ತವೆ. ಆ ಬದಿಯನ್ನೇ ಮುಂದೆ ಮಾಡಿಕೊಳ್ಳಬೇಕು. ಗಟ್ಟಿ ಗಂಜಿಯಲ್ಲಿ ಅದ್ದಿ, ಗುಂಡುಸೂಜಿಯಿಂದ ಕಮಾನುಗಳನ್ನು ಬಿಡಿಸಿ ಚುಚ್ಚಿ, ಪೂರ್ತಿ ಒಣಗಿದ ಮೇಲೆ ತಂತಿಕೊಕ್ಕೆ ಸಿಕ್ಕಿಸಬೇಕು. ನೀರು ಬಿದ್ದರೆ ಗಂಜಿ ಮೆದುವಾಗುತ್ತದೆ. ಒಗೆದಾಗಲೆಲ್ಲ ಮತ್ತೆ ಹಾಕಬೇಕು.

ಇಷ್ಟು ವಿಧಾನವಾಯಿತು. ಇನ್ನು ಬೆಲೆಯ ಮಾತು. ನಮ್ಮ ತಾಯಿಗೆ ಒಂದು ಜೊತೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಸಾಮಾನಿಗೆ 20 ರೂಪಾಯಿ. ಪ್ರವಾಸಿಗರು ಬರುವ ಒಂದು ಅಂಗಡಿಯಲ್ಲಿ ಜೊತೆಗೆ 35 ರೂಪಾಯಿ ಕೊಡುತ್ತೇವೆಂದರು. ತಾಯಿ ಕೂಲಿಯ ಮಾತೆತ್ತಿದಾಗ, “ಬಿಡುವಿನಲ್ಲಿ ಕೂತು ಮಾಡಿದ್ದಲ್ವಾ ಅಮ್ಮ, ಅದಕ್ಕೂ ಕೂಲಿಯಾ?” ಎಂದರು. ಕೊಟ್ಟಿಗೆ, ಅಡಿಗೆ, ತೋಟ ಎಲ್ಲ ಮುಗಿದ ಮೇಲೆ, ರಾತ್ರಿ ದೀಪದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಕೂರುವುದನ್ನು ಅವರು ಬಿಡುವು ಎಂದರು!

ಇದು ಹೊಸ ಮಾತಲ್ಲ. ಆಂಧ್ರದ ನರಸಾಪುರದಲ್ಲಿ ಹೆಂಗಸರು ಹೆಣೆದ ಕ್ರೋಷಾ ಲೇಸು ಹೊರದೇಶಗಳಿಗೆ ಹೋಗುತ್ತಿತ್ತು. ಅಲ್ಲಿ ಅಧ್ಯಯನ ನಡೆಸಿದ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಗ್ರಂಥದಲ್ಲಿ ಇದನ್ನೇ ತೋರಿಸಿದರು: ಹೆಣೆಯುವವರನ್ನು ‘ಗೃಹಿಣಿಯರು’ ಎಂದೂ ಅವರ ದುಡಿಮೆಯನ್ನು ‘ಬಿಡುವಿನ ಕೆಲಸ’ ಎಂದೂ ಕರೆದದ್ದರಿಂದಲೇ ಅವರ ಕೂಲಿ ಅಷ್ಟು ಅಲ್ಪವಾಗಿತ್ತು.

ಬೇಲೂರಿನ ಗುಡಿ 1117ರದು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಕಲ್ಲಿಗೆ ಒಡವೆ ತೊಡಿಸಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. ಆದ್ದರಿಂದ ಅದು ಇಂಥವರ ದುಡಿಮೆಯೆಂದು ನಮಗೆ ಗೊತ್ತು. ದಾರದಲ್ಲಿ ಹೆಸರು ಕೆತ್ತಲು ಬರುವುದಿಲ್ಲ. ಲೆಕ್ಕ ಬರೆಯಲು ಬರುತ್ತದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಳೆಯ ನೋಟ್‌ಬುಕ್ಕಿನಲ್ಲಿ ದಾರ, ಮಣಿ, ಗಂಟೆ ಎಂದು ಮೂರು ಕಲಮು ಎಳೆದುಕೊಟ್ಟೆ. ಮೂರನೆಯದನ್ನು ನೋಡಿ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಈಗ ಜೊತೆಗೆ 80 ರೂಪಾಯಿ ಹೇಳುತ್ತಾರೆ. ಆ ಅಂಗಡಿಯವರು ಕೊಳ್ಳುವುದಿಲ್ಲ. ಅರಸೀಕೆರೆಯ ಪರಿಚಯದವರು ಕೊಳ್ಳುತ್ತಾರೆ, ಸ್ವಲ್ಪವೇ.

ಗೆಳತಿಯರೇ, ಹವ್ಯಾಸವಾಗಿ ಹೆಣೆಯಿರಿ, ಸಂತೋಷವಾಗಿ ತೊಡಿರಿ, ಬೇಕಾದವರಿಗೆ ಉಡುಗೊರೆಯಾಗಿ ಕೊಡಿರಿ. ಮಾರುವುದಾದರೆ ಮಾತ್ರ ಮೂರನೆಯ ಕಲಮನ್ನು ಮರೆಯಬೇಡಿರಿ.